ಒಂದೇ ಕಂಬಳಿ ಹೊದ್ದು ಬಂದವರು

ಕುರಿಗಳಿಗೆ ಲಸಿಕೆ ಹಾಕಿಸಲು ಹಳ್ಳಿಗೊಬ್ಬರಂತೆ ಸ್ವಯಂಸೇವಕರನ್ನು ಆರಿಸುವ ಸಂದರ್ಶನ ನಡೆದದ್ದು ತೆಲಂಗಾಣದ ಜಹೀರಾಬಾದಿನಲ್ಲಿ, ಒಂದು ಮದುವೆ ಮಂಟಪದ ಊಟದ ಕೋಣೆಯಲ್ಲಿ. ಹಿಂದಿನ ದಿನದ ಔತಣದ ಕಮಟು ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಮೇ ತಿಂಗಳ ಬಿಸಿಲು. ಫ್ಯಾನು ತಿರುಗಿದರೂ ಬಿಸಿಗಾಳಿಯೇ ಮುಖಕ್ಕೆ ರಾಚುತ್ತಿತ್ತು. ಅಂಥದರಲ್ಲಿ ಮೊದಲನೆಯ ಅಭ್ಯರ್ಥಿ ಹೆಗಲ ಮೇಲೆ ಕರಿ ಕಂಬಳಿ ಹೊದ್ದು ಒಳಗೆ ಬಂದ.

ನಾನು ಆಗ ಒಂದು ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿ. ಜಹೀರಾಬಾದಿನಲ್ಲಿ ಬಾಡಿಗೆಯ ಕೋಣೆ, ನಾರಾಯಣಖೇಡ ಮತ್ತು ತಾಂಡೂರಿಗೆ ಬಸ್ಸಿನ ಓಡಾಟ. ಆ ವರ್ಷದ ಕೆಲಸ ಪಿಪಿಆರ್ ಎಂಬ ಸಾಂಕ್ರಾಮಿಕ ರೋಗ ಕುರಿ ಹಟ್ಟಿಗಳಿಗೆ ನುಗ್ಗದಂತೆ ತಡೆಯುವುದು. ಲಸಿಕೆ ಪಶು ಆಸ್ಪತ್ರೆಯದು, ಜನರನ್ನು ಕೂಡಿಸುವ ಹೊಣೆ ನಮ್ಮದು. ಆರಿಸಿ ಬಂದವರಿಗೆ ಸಂಬಳವಿಲ್ಲ, ‘ಹಟ್ಟಿ ಮಿತ್ರ’ ಎಂಬ ಹೆಸರು ಮಾತ್ರ. ಆದರೂ ಮಂಟಪದ ವರಾಂಡ ತುಂಬ ಜನ. ಊರಲ್ಲಿ ನಾಲ್ಕು ಮಂದಿ ಮಾತು ಕೇಳುವ ಜಾಗಕ್ಕೆ ಸಂಬಳಕ್ಕಿಂತ ಹೆಚ್ಚು ಪೈಪೋಟಿ ಇರುತ್ತದೆ.

ಪ್ರಶ್ನೆ ಕೇಳಲು ಹೈದರಾಬಾದಿನಿಂದ ನಮ್ಮ ನಿರ್ದೇಶಕರೇ ಬಂದಿದ್ದರು. ಅವರು ತಮ್ಮ ನಂಬಿಕೆಗಳಿಗೆ ಅಂಟಿಕೊಂಡ ಮನುಷ್ಯ. ನಮ್ಮ ಭಾಗದ ದೇಸಿ ಕರಿ ಕುರಿಯೇ ಉಳಿಯಬೇಕು, ನೆಲ್ಲೂರಿನ ಎತ್ತರದ ಕುರಿ ಬರಬಾರದು, ಉಣ್ಣೆಗೆ ಬೆಲೆ ಬರಬೇಕು, ದಲ್ಲಾಳಿಗಳು ಸಂತೆಯಿಂದ ತೊಲಗಬೇಕು. ಈ ವಿಚಾರಗಳಲ್ಲಿ ಅರ್ಧದಷ್ಟು ನನಗೂ ಒಪ್ಪಿಗೆಯೇ. ಆದರೆ ಅವರು ಕೇಳಿದ ಪ್ರಶ್ನೆಗಳೆಲ್ಲ ಅವನ್ನೇ ತಿರುಗಿಸಿ ಕೇಳಿದವು. ಯಾವ ತಳಿ ಮೇಲು? ದಲ್ಲಾಳಿಗಳ ಬಗ್ಗೆ ಏನನ್ನಿಸುತ್ತದೆ? ಸೂಜಿ ಮದ್ದಿಗಿಂತ ಬೇರು ನಾರು ಒಳ್ಳೆಯದಲ್ಲವೇ? ಲಸಿಕೆ ಹಾಕಿಸುವವನನ್ನು ಆರಿಸುವಾಗ ಈ ಕೊನೆಯ ಪ್ರಶ್ನೆ ಯಾಕೆಂದು ನನಗೆ ತಿಳಿಯಲಿಲ್ಲ. ಐಸ್ ಎಲ್ಲಿಂದ ತರುತ್ತೀರಿ, ಬೆಳಕು ಹರಿಯುವ ಮೊದಲು ಜನರನ್ನು ಹೇಗೆ ಎಬ್ಬಿಸುತ್ತೀರಿ, ನಿಮ್ಮ ಮಾತು ಕೇಳದವನನ್ನು ಏನು ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ನಾನು ಒಮ್ಮೆ ಬಾಯಿ ಹಾಕಿದೆ. ‘ಅದೆಲ್ಲ ತರಬೇತಿಯಲ್ಲಿ ಕಲಿಸಬಹುದು. ಮನಸ್ಸು ಮುಖ್ಯ’ ಎಂದರು.

ಎರಡನೆಯವನೂ ಕಂಬಳಿ ಹೊದ್ದು ಬಂದ, ಮೂರನೆಯವನೂ ಬಂದ. ಮೂವರ ಕಂಬಳಿಗೂ ಒಂದೇ ಮೂಲೆಯಲ್ಲಿ ಬೀಡಿ ಸುಟ್ಟ ತೂತು. ಮೂವರ ಉತ್ತರವೂ ಒಂದೇ. ‘ದೇಸಿ ಕುರಿ ನಮ್ಮ ತಾಯಿ ಇದ್ದಂಗ. ದಲ್ಲಾಳಿ ಅಂದ್ರ ರಕ್ತ ಹೀರೋರು.’ ನೀರು ತರುವ ನೆಪದಲ್ಲಿ ಹೊರಗೆ ಹೋದೆ. ವರಾಂಡದ ತುದಿಯಲ್ಲಿ ಮೊದಲನೆಯ ಅಭ್ಯರ್ಥಿ, ನಾರಾಯಣಖೇಡದ ಕಡೆಯ ಒಬ್ಬ ಮಾಸ್ತರ, ಬೆವರಿನಲ್ಲಿ ತೊಯ್ದ ಅದೇ ಕಂಬಳಿಯನ್ನು ಮುಂದಿನವನ ಹೆಗಲಿಗೆ ಹಾಕುತ್ತಿದ್ದ. ಯಾವುದೋ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ ಬಿಟ್ಟವನು, ಮನೆಯಲ್ಲಿ ಒಂದಿಷ್ಟು ಕುರಿ. ಕಂಚಿನಂಥ ದನಿ. ಪಿಸುಗುಟ್ಟಿದರೂ ವರಾಂಡಕ್ಕೆಲ್ಲ ಕೇಳುತ್ತಿತ್ತು.

‘ತಾಯಿ ಅನ್ನೋದು ಮರೀಬ್ಯಾಡಪಾ. ಸಾಹೇಬರಿಗೆ ಅದು ಭಾಳ ಸೇರತದ.’

ಊಟದ ಹೊತ್ತಿಗೆ ನಿರ್ದೇಶಕರಿಗೆ ಇದನ್ನು ಹೇಳಿದೆ. ಅವರು ಮೊಸರನ್ನ ಕಲಸುತ್ತ ನಕ್ಕರು. ‘ಕಂಬಳಿ ಹಂಚಿಕೊಂಡು ಹೊದೆಯುವುದು ಒಳ್ಳೆಯ ಲಕ್ಷಣವೇ ಅಲ್ಲವಾ? ಅವನಲ್ಲಿ ನಾಯಕತ್ವ ಇದೆ.’

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಹೊಳೆಯುವ ನೈಲಾನ್ ಸೀರೆ, ದವಡೆಯಲ್ಲಿ ತಂಬಾಕು. ಮೊಗುಡಂಪಲ್ಲಿಯ ಕಡೆಯವಳು. ಗಡಿಯಾಚೆ ಬೀದರಿನ ಹಳ್ಳಿಗಳವರೆಗೂ ಓಡಾಡಿ ಕುರಿ ಕೊಡಿಸುವ, ಮಾರಿಸುವ ದಲ್ಲಾಳಿ. ಎಲ್ಲರೂ ಕರೆಯುವುದು ‘ಬಾಯಿ’ ಎಂದೇ. ಕುರ್ಚಿಯ ತುದಿಯಲ್ಲಿ ಕೂತಳು.

‘ಜಲ್ದಿ ಕೇಳ್ರಿ. ನನ್ನ ಮಾಲ್ ಬಿಸಲಾಗ ನಿಂತದ.’

‘ದಲ್ಲಾಳಿಗಳ ಬಗ್ಗೆ ನಿಮ್ಮ ಅಭಿಪ್ರಾಯ?’ ನಿರ್ದೇಶಕರು ಕೇಳಿದರು.

‘ನಾನೇ ದಲ್ಲಾಳಿ ಇದ್ದೀನ್ರಿ. ನನ್ನ ಬಗ್ಗೆ ನನ್ನ ಅಭಿಪ್ರಾಯ ಛಲೋನೇ ಅದ.’

‘ದೇಸಿ ಕರಿ ಕುರಿ ಉಳಿಯಬೇಕೋ ಬೇಡವೋ?’

‘ಉಳಿಸೋರು ಉಳಿಸ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಅದರ ಉಣ್ಣಿ ಈಗ ಯಾರೂ ಕೇಳಂಗಿಲ್ರಿ. ಕತ್ತರಿಸಿದವನ ಕೂಲಿ ಸೈತ ಹುಟ್ಟಂಗಿಲ್ಲ. ನೆಲ್ಲೂರ್ ಟಗರು ಕೇಳ್ತಾರ, ಕೊಡಿಸ್ತೀನಿ.’

‘ಹಾಗಾದರೆ ಇಲ್ಲಿಗೆ ಯಾಕೆ ಬಂದಿರಿ?’

‘ಹಿಂದಕ ಒಮ್ಮಿ ಬೀಮಾರಿ ಬಂದು ಸಂತಿ ಬಂದ್ ಆಗಿತ್ತು. ಮತ್ತ ಹಂಗ ಆಗಬಾರದು. ಸೂಜಿ ಹಾಕ್ಸಾಕ ಮಂದೀನ ಕೂಡಿಸೋದು ನನಗ ಬರತದ. ಅಷ್ಟೇ ರೀ.’

ಅವಳು ಎದ್ದು ಹೋದ ಮೇಲೆ ನಿರ್ದೇಶಕರು ಕಿಟಕಿ ತೆರೆಸಿದರು. ತಂಬಾಕಿನ ವಾಸನೆಯಂತೆ. ‘ಇಂಥವರು ನಮ್ಮ ಜೊತೆ ನಡೆಯುವವರಲ್ಲ’ ಎಂದು ಹೇಳಿ ಅವಳ ವಿಷಯ ಮುಗಿಸಿದರು. ತಾಂಡೂರಿನ ಕಡೆಯಿಂದ ಬಂದ ಕರಣಕೋಟದ ಒಬ್ಬ ಸಿಮೆಂಟ್ ಕಾರ್ಖಾನೆ ಕೆಲಸಗಾರನನ್ನೂ ಬಿಟ್ಟರು. ಅವನು ಮಾಡಿದ ತಪ್ಪು, ‘ಇದು ಸರ್ಕಾರದ ಕೆಲಸ, ನಡುವ ನೀವ್ಯಾಕ ಬರತೀರಿ?’ ಎಂದು ಕೇಳಿದ್ದು. ಮಾಸ್ತರ ನಾರಾಯಣಖೇಡದ ಭಾಗಕ್ಕೆಲ್ಲ ಮುಖ್ಯಸ್ಥನಾದ. ಕಂಬಳಿಯ ಸರದಿಯಲ್ಲಿ ನಿಂತಿದ್ದ ಉಳಿದವರು ಅವನ ಕೈಕೆಳಗೆ.

ತರಬೇತಿಯನ್ನು ನಾನೂ ಪಶುವೈದ್ಯರೂ ಸೇರಿ ಕೊಟ್ಟೆವು. ವೈದ್ಯರು ನಿವೃತ್ತಿಗೆ ಹತ್ತಿರವಾದ ತೆಲುಗಿನವರು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಮಾತು ಕಡಿಮೆ. ಲಸಿಕೆ ಸಣ್ಣ ಬಾಟಲಿಯಲ್ಲಿ ಒಣಪುಡಿಯಾಗಿ ಬರುತ್ತದೆ. ಐಸ್ ಡಬ್ಬಿಯಿಂದ ತೆಗೆದು ಅದರದೇ ದ್ರಾವಣದಲ್ಲಿ ಕಲಸಬೇಕು. ಒಮ್ಮೆ ಕಲಸಿದರೆ ಬಿಸಿಲು ಕಾಣಿಸದೆ, ಐಸಿನ ಮೇಲೇ ಇಟ್ಟುಕೊಂಡು, ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದರೆ ಚೆಲ್ಲಬೇಕು. ಕತ್ತಿನ ಬಳಿ ಚರ್ಮ ಎತ್ತಿ ಹಿಡಿದು ಕೆಳಗೆ ಚುಚ್ಚಬೇಕು. ಹಟ್ಟಿಯಿಂದ ಹಟ್ಟಿಗೆ ಸೂಜಿ ಬದಲಿಸಬೇಕು. ಹಾಕಿಸಿಕೊಂಡ ಕುರಿಯ ಹಣೆಗೆ ಬಣ್ಣದ ಗುರುತು. ಎಲ್ಲಕ್ಕಿಂತ ಮುಖ್ಯ, ಒಂದು ಊರಿನಲ್ಲಿ ಒಂದು ಹಟ್ಟಿಯನ್ನೂ ಬಿಡಬಾರದು. ಬಿಟ್ಟ ಹಟ್ಟಿಯೇ ರೋಗಕ್ಕೆ ಬಾಗಿಲು.

ಮಾಸ್ತರ ಎಲ್ಲದಕ್ಕೂ ತಲೆಯಾಡಿಸಿದ. ಕುರಿ ಹಿಡಿಯಲು ಕರೆದಾಗ ಮಾತ್ರ ಪ್ಯಾಂಟು ಕೊಳೆಯಾಗುತ್ತದೆಂದು ಹಿಂದೆ ಸರಿದ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ನಾರಾಯಣಖೇಡದ ಹಳ್ಳಿಗಳಲ್ಲಿ ಲಸಿಕೆ. ನಾನು ತಾಂಡೂರಿನ ಕಡೆಯ ಊರುಗಳನ್ನು ನೋಡಿಕೊಳ್ಳುತ್ತಿದ್ದೆ. ಮಾಸ್ತರ ಫೋನಿಗೆ ಚಿತ್ರಗಳನ್ನು ಕಳಿಸುತ್ತಿದ್ದ. ಬ್ಯಾನರು, ನಿರ್ದೇಶಕರಿಗೆ ಹಾರ, ಹಣೆಗೆ ಬಣ್ಣ ಹಚ್ಚಿಸಿಕೊಂಡ ಕರಿ ಕುರಿಗಳ ಸಾಲು. ‘ಪೂರಾ ಆತು ಮೇಡಂ, ಒಂದೂ ಬಿಟ್ಟಿಲ್ಲ’ ಎಂಬ ಮಾತು.

ಮಳೆ ಹಿಡಿದು ಕೆಲವು ವಾರಗಳಾಗಿದ್ದವು. ಮಾಸ್ತರ ಚಿತ್ರ ಕಳಿಸಿದ್ದ ಹಳ್ಳಿಯೊಂದರ ಹಿರಿಯ ಕುರಿಗಾರ ಫೋನು ಮಾಡಿದ. ‘ಅಕ್ಕೋರೆ, ಒಮ್ಮಿ ಬಂದು ನೋಡಿ ಹೋಗ್ರಿ. ಹಟ್ಟಿಯಾಗ ಕಾಲ ಇಡಾಕ ಆಗವಲ್ದು.’

ವೈದ್ಯರನ್ನು ಕರೆದುಕೊಂಡು ಹೋದೆ. ಹಟ್ಟಿ ಕಾಣುವ ಮೊದಲೇ ವಾಸನೆ ಎದುರಾಯಿತು. ಕೊಳೆತ ಮೊಟ್ಟೆಗೂ ಹುಳಿ ಬಂದ ಹಿಟ್ಟಿಗೂ ನಡುವಿನ ಏನೋ ಒಂದು. ಕುರಿಗಳು ತಲೆ ಇಳಿಬಿಟ್ಟು ನಿಂತಿದ್ದವು. ಕಣ್ಣಿನ ರೆಪ್ಪೆ ಪಿಸುರಿನಿಂದ ಅಂಟಿಕೊಂಡಿತ್ತು. ಮೂಗಿನ ಹೊಳ್ಳೆಗಳಲ್ಲಿ ಹಳದಿ ಹಕ್ಕಳೆ ಕಟ್ಟಿ ಬಾಯಿಯಿಂದ ಉಸಿರಾಡುತ್ತಿದ್ದವು. ಹಿಂಗಾಲುಗಳ ತುಂಬ ಭೇದಿ ಮೆತ್ತಿ ನೊಣಗಳು ಕಪ್ಪಗೆ ಮುತ್ತಿದ್ದವು. ವೈದ್ಯರು ಒಂದರ ಬಾಯಿ ಬಿಡಿಸಿ ಒಸಡಿನ ಮೇಲೆ ಬೆರಳಾಡಿಸಿದರು. ತೌಡು ಮೆತ್ತಿದಂತಿದ್ದ ಬಿಳಿ ಪದರ ಕಿತ್ತು ಬಂದು ಕೆಳಗೆ ಹಸಿ ಮಾಂಸ ಕಾಣಿಸಿತು.

ಹಟ್ಟಿಯ ಮೂಲೆಯಲ್ಲಿ ಸತ್ತು ಬಿದ್ದಿದ್ದ ಕುರಿಗಳ ಹಣೆ ನೋಡಿದೆ. ಒಂದರ ಮೇಲೂ ಬಣ್ಣವಿರಲಿಲ್ಲ. ಎಲ್ಲವೂ ಎತ್ತರದ ಕಾಲಿನ ನೆಲ್ಲೂರು ಕುರಿ.

‘ಇವಕ್ಕೆ ಲಸಿಕೆ ಹಾಕಲಿಲ್ಲವಾ?’ ಎಂದೆ.

ಕುರಿಗಾರ ನೆಲ ನೋಡುತ್ತ ಹೇಳಿದ. ‘ಹೊಡ್ಕೊಂಡು ಹೋಗಿದ್ವಿ ರೀ. ಮಾಸ್ತರ ವಾಪಸ್ ಕಳಿಸ್ದ. ನೀವು ನೆಲ್ಲೂರ್ ಸಾಕ್ತೀರಿ, ದಲ್ಲಾಳಿಗೆ ಮಾರ್ತೀರಿ, ನೀವು ನಮ್ಮ ವಿಚಾರದೋರಲ್ಲ ಅಂದ. ಸಾಹೇಬರ ಮುಂದ ನಿಮ್ಮ ಕುರಿ ನಿಲ್ಲಬಾರದು ಅಂದ.’

ವಿಚಾರ ನೋಡಿ ನಾವು ಮನುಷ್ಯನನ್ನು ಆರಿಸಿದ್ದೆವು, ಅವನು ವಿಚಾರ ನೋಡಿ ಕುರಿ ಆರಿಸಿದ್ದ. ಉಳಿದ ಲಸಿಕೆ ಏನಾಯಿತೆಂದು ಕೇಳಲು ಮಾಸ್ತರನ ಮನೆಗೇ ಹೋದೆ. ಪಡಸಾಲೆಯ ಗೂಡಿನಲ್ಲಿ, ದೇವರ ಎಣ್ಣೆಯ ಶೀಶೆಯ ಪಕ್ಕದಲ್ಲೇ, ಬಾಟಲಿಗಳು ಬೆಚ್ಚಗೆ ಕೂತಿದ್ದವು. ‘ಮುಂದಿನ ವರ್ಷಕ್ಕ ಅಂತ ಇಟ್ಟೀನ್ರಿ ಮೇಡಂ’ ಎಂದು ನಗುಮುಖದಿಂದ ಹೇಳಿದ. ಚಹಾ ಕೊಡಲು ಬಂದ. ನಾನು ಕುಡಿಯಲಿಲ್ಲ.

ಅಲ್ಲಿಂದಲೇ ನಿರ್ದೇಶಕರಿಗೆ ಫೋನು ಮಾಡಿದೆ. ಅವರು ಪೂರಾ ಕೇಳಿಸಿಕೊಂಡರು. ‘ಕರಿ ಕುರಿಗಳು ಸತ್ತಿವೆಯಾ?’ ಎಂದರು.

‘ಅವಕ್ಕೆ ಲಸಿಕೆ ಆಗಿದೆ ಸರ್, ಅದಕ್ಕೇ ಉಳಿದಿವೆ.’

‘ಅಂದರೆ ಸತ್ತದ್ದು ನೆಲ್ಲೂರು ಮಾತ್ರ. ನೋಡಿ, ನಾವು ಹೇಳುತ್ತ ಬಂದದ್ದು ಇದನ್ನೇ. ಕರಿ ಕುರಿಯದು, ನೆಲ್ಲೂರಿನದು, ಎರಡೂ ಹಟ್ಟಿಗಳ ಒಳ್ಳೆಯ ಫೋಟೊ ತೆಗೆದು ಕಳಿಸಿ. ವರದಿಗೆ ಬೇಕು.’

ನಾನು ಫೋನು ಇಟ್ಟೆ. ಹೊಲಸು ಮೆತ್ತಿಕೊಂಡದ್ದು ಚಪ್ಪಲಿಗೆ. ಆದರೆ ಕಿವಿ ತೊಳೆಯಬೇಕೆನಿಸಿತು.

ನಾನು ಮರಳಿದಾಗ ವೈದ್ಯರು ಹಟ್ಟಿಯ ಹೆಂಗಸರಿಗೆ ಪಟಿಕದ ನೀರಿನಲ್ಲಿ ಕುರಿಗಳ ಬಾಯಿ ತೊಳೆಯುವುದನ್ನೂ ಗಂಜಿ ಕುಡಿಸುವುದನ್ನೂ ತೋರಿಸುತ್ತಿದ್ದರು. ಈ ರೋಗಕ್ಕೆ ನೇರ ಮದ್ದಿಲ್ಲ. ಮೇಲೆ ಬರುವ ಇನ್ನೊಂದು ಸೋಂಕಿಗೆ ಮಾತ್ರ ಇಂಜೆಕ್ಷನ್. ಸತ್ತವನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿಸಿದರು. ನನ್ನ ಕಡೆ ತಿರುಗಿ ಹೇಳಿದ್ದು ಎರಡೇ ಮಾತು. ಕುರಿಗಳ ಓಡಾಟ ನಿಲ್ಲಬೇಕು. ರೋಗವಿಲ್ಲದ ಹೊರಗಿನ ಊರುಗಳಿಂದ ಶುರುಮಾಡಿ ಒಳಕ್ಕೆ ಬರುತ್ತ ಲಸಿಕೆ ಹಾಕಬೇಕು.

ಓಡಾಟ ನಿಲ್ಲುವ ಸುಳಿವೇ ಇರಲಿಲ್ಲ. ರೋಗದ ಸುದ್ದಿ ಹಬ್ಬಿದಂತೆ ಜನ ಹೆದರಿ ಸಾಯುವ ಮೊದಲೇ ಮಾರಿಬಿಡೋಣವೆಂದು ಕುರಿಗಳನ್ನು ಟೆಂಪೋಗಳಿಗೆ ಹೇರುತ್ತಿದ್ದರು. ಒಂದೊಂದು ಟೆಂಪೋ ರೋಗವನ್ನು ಇನ್ನೊಂದು ಸಂತೆಗೆ ಒಯ್ಯುತ್ತಿತ್ತು. ನಮ್ಮ ಹಟ್ಟಿ ಮಿತ್ರರು ಒಬ್ಬೊಬ್ಬರಾಗಿ ಫೋನು ಎತ್ತುವುದನ್ನು ಬಿಟ್ಟರು. ಎತ್ತಿದ ಒಬ್ಬ, ದಲ್ಲಾಳಿಗಳಿಗೆ ಹೇಳಿ ಗಾಡಿ ನಿಲ್ಲಿಸಿ ಎಂದಾಗ, ‘ದಲ್ಲಾಳಿಗಳ ಸಂಗಡ ನಾವು ಮಾತಾಡಂಗಿಲ್ಲ ಅಂತ ಪ್ರಮಾಣ ಮಾಡೀವ್ರಿ’ ಎಂದ.

ಮರುದಿನ ನಾನು ಬಾಯಿಯನ್ನು ಹುಡುಕಿಕೊಂಡು ವಾರದ ಸಂತೆಗೆ ಹೋದೆ. ಕೆಸರು, ಗೊಬ್ಬರ, ಗಲಾಟೆ. ಬೆಲೆ ಬೇರೆಯವರಿಗೆ ತಿಳಿಯದಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದಳು. ಒಬ್ಬ ಮುದುಕನ ಟಗರನ್ನು ಅವನೆದುರೇ ಹೀಯಾಳಿಸಿ ಅವನ ಮುಖ ಬಾಡಿಸಿದಳು. ಅವಳು ನನಗೆ ಇಷ್ಟವಾಗಲಿಲ್ಲ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ, ಅವಳು ನನಗೆ ಯಾವತ್ತೂ ಇಷ್ಟವಾಗಲಿಲ್ಲ.

ವಿಷಯ ಹೇಳಿದೆ. ತಂಬಾಕು ಉಗಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಅವತ್ತ ನನ್ನ ಹೊರಗ ಹಾಕಿದ್ರಿ. ಇವತ್ತ ಸಂತಿಗಿ ಬಂದೀರಿ.’

‘ಹೌದು. ನೀವು ಮಾತ್ರ ಈ ಟೆಂಪೋಗಳನ್ನ ನಿಲ್ಲಿಸಬಲ್ಲಿರಿ.’

‘ನಿಲ್ಲಿಸಿದ್ರ ನನ್ನ ಹೊಟ್ಟಿಗಿ ಏನ್ರಿ?’

ಅವಳೇ ಮುಂದುವರಿಸಿದಳು. ಯಾವ ಊರಲ್ಲಿ ಬಿದ್ದಿದೆ, ಎಷ್ಟು ದೂರ ಹಬ್ಬಿದೆ ಎಂದು ಕೇಳಿದಳು. ಸಾಯುವಾಗ ಮೂಗು ಕಟ್ಟಿತ್ತೋ, ಬಾಯಿ ಹುಣ್ಣಾಗಿತ್ತೋ ಎಂದು ಕೇಳಿದಳು. ‘ನಿಮ್ಮ ಸಲುವಾಗಿ ಅಲ್ರಿ. ಬೀಮಾರಿ ಮಾಲ್ ಒಂದ್ಸಲ ನನ್ನ ಕೈಯಿಂದ ಹೋತಂದ್ರ ಮುಂದ ಯಾರೂ ನನ್ನ ಟವೆಲ್ಲಿನಾಗ ಕೈ ಹಾಕಂಗಿಲ್ಲ’ ಎಂದು ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿದಳು.

ಅವಳು ಮಾಡಿದ್ದು ಚೆಂದದ ಕೆಲಸವೇನಲ್ಲ. ಸಂತೆಯ ನಡುವೆ ನಿಂತು, ನಾರಾಯಣಖೇಡದ ಕಡೆಯ ಕುರಿಗೆ ಇವತ್ತಿನಿಂದ ನಾನು ಕೈ ಹಚ್ಚುವುದಿಲ್ಲ, ಹಚ್ಚಿದವರ ಹೆಸರನ್ನು ಬೀದರಿನವರೆಗೂ ಕೂಗಿ ಹೇಳುತ್ತೇನೆ ಎಂದು ಅರಚಿದಳು. ಟೆಂಪೋ ಚಾಲಕರಿಗೆ ಬೈದಳು. ಜಹೀರಾಬಾದಿನ ರಸ್ತೆ ಕೂಡುವಲ್ಲಿ ತನ್ನ ಅಳಿಯನನ್ನು ನಿಲ್ಲಿಸಿ ಗಾಡಿಗಳನ್ನು ತಿರುಗಿಸಿ ಕಳಿಸಿದಳು. ಒಬ್ಬ ಕುರಿಗಾರ ಅವಳ ಕಾಲು ಹಿಡಿದು ಅತ್ತ, ಮಗಳ ಮದುವೆ ಇದೆ ಎಂದ. ‘ಅಳಬ್ಯಾಡ. ಉಳಿಯೋವು ಉಳೀಲಿ, ಅವನ್ನ ಆಮ್ಯಾಲ ನಾನೇ ಮಾರಿಸಿ ಕೊಡ್ತೀನಿ. ಈಗ ಮನಿಗಿ ಹೊಡಿ’ ಎಂದು ಅವನ ಟಗರಿನ ಹಗ್ಗ ಅವನ ಕೈಗೇ ತುರುಕಿದಳು. ಸಂಜೆಯಾಗುವಷ್ಟರಲ್ಲಿ ರಸ್ತೆಯಲ್ಲಿ ಕುರಿ ತುಂಬಿದ ಗಾಡಿ ಕಾಣಿಸಲಿಲ್ಲ. ಸಂಸ್ಥೆಯ ಯಾವ ಭಾಷಣವೂ ಮಾಡದ ಕೆಲಸ ಅದು.

ನಾನು ತೀರ್ಮಾನ ಮಾಡಿದ್ದು ಅಲ್ಲೇ. ಹೈದರಾಬಾದಿನ ಅಪ್ಪಣೆ ಕೇಳಲಿಲ್ಲ. ವೈದ್ಯರ ಬಳಿ ಹೋಗಿ ಹೇಳಿದೆ. ಯಾರಿಗೂ ಪ್ರಶ್ನೆ ಬೇಡ, ಅಭಿಪ್ರಾಯ ಬೇಡ. ಮುಖಂಡ ಆಗಬೇಕೆನ್ನುವವರಿಗೆ ಒಂದೊಂದು ಊರು, ಒಂದೊಂದು ಐಸ್ ಡಬ್ಬಿ, ಒಂದು ಬೆಳಗು ಕೊಡೋಣ. ನಾವು ಪಕ್ಕದಲ್ಲಿ ನಿಂತು ನೋಡೋಣ. ಸೂಜಿ ಹಿಡಿಯುವುದು ಆಸ್ಪತ್ರೆಯ ಸಿಬ್ಬಂದಿಯೇ. ಉಳಿದದ್ದೆಲ್ಲ ಅವರದು. ವೈದ್ಯರು ತೆಲುಗಿನಲ್ಲಿ, ‘ಇದನ್ನು ಮೇ ತಿಂಗಳಲ್ಲೇ ಮಾಡಬೇಕಿತ್ತು’ ಎಂದರು.

ಮಾಸ್ತರನಿಗೂ ಅವಕಾಶ ಕೊಟ್ಟೆವು. ಅವನನ್ನು ಬಿಟ್ಟರೆ ನಾವೂ ನಿರ್ದೇಶಕರಂತೆಯೇ ಆಗುತ್ತೇವೆ ಎಂದು ವೈದ್ಯರು ಹಟ ಹಿಡಿದರು. ಅವನು ಕೊಹೀರ್ ಕಡೆಯ ಒಂದು ಊರಿನಲ್ಲಿ ಹಿಂದಿನ ದಿನವೇ ಮೈಕ್ ಕಟ್ಟಿಸಿದ. ಜನ ಬಂದರು, ಕುರಿಗಳೂ ಬಂದವು. ಅವನ ಮಾತಿಗೆ ಜನ ಬರುತ್ತಿದ್ದರು, ಅದನ್ನು ಒಪ್ಪಬೇಕು. ಆದರೆ ಬಂದ ಮೇಲೆ ಏನು ಮಾಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಹಟ್ಟಿಗಳೆಲ್ಲ ಒಂದರೊಳಗೊಂದು ಬೆರೆತವು. ಯಾರ ಕುರಿ ಯಾವುದೆಂದು ಜಗಳ ಹತ್ತಿತು. ಅವನು ಡಬ್ಬಿಯ ಮುಚ್ಚಳ ತೆರೆದಿಟ್ಟು ಭಾಷಣ ಶುರುಮಾಡಿದ. ವೈದ್ಯರು ಎದ್ದು ಹೋಗಿ ಡಬ್ಬಿ ಮುಚ್ಚಿದರು. ಬಿಸಿಲೇರಿ ಅರ್ಧ ಕುರಿಗಳು ಮೇವಿಗೆ ಹೊರಟುಹೋದವು. ಕೇಳಿದರೆ, ‘ಯಶಸ್ವಿ ಆತು ಮೇಡಂ’ ಎಂದ.

ಕರಣಕೋಟದ ಕೆಲಸಗಾರ ಪಾಳಿ ಬದಲಿಸಿಕೊಂಡು ಬಂದು, ಸಂಸ್ಥೆಯನ್ನು ಬೈಯುತ್ತಲೇ ತನ್ನ ಊರಿನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದ.

ಬಾಯಿ ಮೊಗುಡಂಪಲ್ಲಿ ಕಡೆಯ ಊರು ತೆಗೆದುಕೊಂಡಳು. ಹಿಂದಿನ ಸಂಜೆ ಒಂದೊಂದು ಹಟ್ಟಿಗೂ ಕಾಲಲ್ಲೇ ಹೋಗಿ ಯಾರ ನಂತರ ಯಾರು ಎಂದು ಹೇಳಿ ಬಂದಿದ್ದಳು. ಮುಳ್ಳುಕಂಟಿ ಎಳೆಸಿ ಎರಡು ಬೇಲಿಗಳ ನಡುವೆ ಒಂದೇ ಕುರಿ ನುಸುಳುವಷ್ಟು ದಾರಿ ಮಾಡಿಸಿದ್ದಳು. ಗಬ್ಬದ ಕುರಿಗಳನ್ನು ಬೇರೆ ನಿಲ್ಲಿಸಿದ್ದಳು. ಡಬ್ಬಿ ಬೇವಿನ ನೆರಳಲ್ಲಿ, ಮೇಲೆ ಒದ್ದೆ ಗೋಣಿ. ಹಿಡಿಯುವವರು, ಬಣ್ಣ ಹಚ್ಚುವವರು, ಡಬ್ಬಿ ತೆರೆಯುವವರು ಎಲ್ಲ ಬೇರೆ ಬೇರೆ. ಅವಳ ಸ್ವಂತ ತಮ್ಮನ ಮಗ ತನ್ನ ಹಟ್ಟಿಯನ್ನು ನಡುವೆ ನುಗ್ಗಿಸಿದ.

‘ಏನತ್ತಿ, ಮನಿಯೋರಿಗಿ ಸೈತ ಸರದಿ ಏನು?’ ಎಂದ.

‘ಮನಿಯೋನು ಅಂತಾನೇ ಕಡೀಗಿ ನಿಲ್ಲು’ ಎಂದು ಅವನ ಕುರಿಗಳನ್ನು ಸಾಲಿನ ತುದಿಗೆ ಅಟ್ಟಿದಳು.

ನಡುವೆ ಅವಳೇ ನಮ್ಮ ಹತ್ತಿರ ಬಂದಳು. ‘ಡಾಕ್ಟರ್ ಸಾಹೇಬ್ರೆ, ಒಂದ್ ಬಾಟ್ಲಿ ನನ್ನ ಕೈಯಾಗಿಂದ ಜಾರಿ ಒಡೀತು. ಇನ್ನೊಂದ್ ಕಲಸಿ ಭಾಳೊತ್ತಾತು, ಚೆಲ್ಲಿಸೀನಿ. ಒಂದ್ ಹಟ್ಟಿ ಉಳೀತದ. ಅವರಿಗಿ ನಾಳಿ ಬರ್ರಿ ಅಂತ ಹೇಳೀನಿ, ನಾಳಿ ನೀವು ಬರಬೇಕ್ರಿ.’

ವೈದ್ಯರು ನನ್ನ ಕಡೆ ನೋಡಿದರು. ಆ ಮುಂಗಾರಿನಲ್ಲಿ ಕೆಲಸ ಕೆಟ್ಟ ಸುದ್ದಿಯನ್ನು ಕೆಡಿಸಿದವರೇ ಬಂದು ಹೇಳಿದ್ದು ಅದೇ ಮೊದಲು. ನಾವು ಮರುದಿನವೂ ಹೋದೆವು.

ನಿರ್ದೇಶಕರಿಗೆ ಸುದ್ದಿ ಮುಟ್ಟಿತು. ತಾಂಡೂರಿನ ಪಶು ಆಸ್ಪತ್ರೆಯ ವರಾಂಡದಲ್ಲಿ ಸಭೆ ಕರೆದರು. ಮಾಸ್ತರ ಅವರ ಹಿಂದೆ ಕೂತಿದ್ದ, ಬಾಯಿ ಕಂಬಕ್ಕೆ ಒರಗಿ ನಿಂತಿದ್ದಳು.

‘ನಮ್ಮ ವಿಚಾರವನ್ನು ಈಕೆ ಒಪ್ಪುತ್ತಾಳಾ?’ ಎಂದು ನನ್ನನ್ನು ಕೇಳಿದರು, ಅವಳು ಅಲ್ಲಿಲ್ಲವೆಂಬಂತೆ.

‘ಇಲ್ಲ ಸರ್.’

‘ಮತ್ತೆ ಯಾವ ಧೈರ್ಯದ ಮೇಲೆ ಜವಾಬ್ದಾರಿ ಕೊಡುತ್ತೀರಿ? ನಾಳೆ ಅವಳು ನಮ್ಮ ವಿರುದ್ಧವೇ ಮಾತಾಡಿದರೆ?’

‘ಮಾತಾಡ್ತೀನ್ರಿ’ ಎಂದಳು ಬಾಯಿ ಕಂಬದ ಬಳಿಯಿಂದ. ‘ನಿಮ್ಮ ಕರೇ ಕುರಿ ಮಾತು ನನಗ ಇವತ್ತೂ ಸೇರಂಗಿಲ್ಲ. ಖರೇ ಸೂಜಿ ಹಾಕ್ಸೋವಾಗ ಕರೇದೂ ಹಾಕಸ್ತೀನಿ, ನೆಲ್ಲೂರ್ದೂ ಹಾಕಸ್ತೀನಿ. ನಿಮ್ಮ ಮಾಸ್ತರ ಹಂಗ ಮಾಡ್ಲಿಲ್ಲ.’

ವೈದ್ಯರು ಆವತ್ತು ಮಾತ್ರ ಸ್ವಲ್ಪ ಉದ್ದ ಮಾತಾಡಿದರು. ಲಸಿಕೆ ಆಸ್ಪತ್ರೆಯದು. ಒಂದು ಹಟ್ಟಿಯನ್ನೂ ಬಿಡದವರ ಕೈಗೇ ಡಬ್ಬಿ ಕೊಡುತ್ತೇನೆ. ಸಂಸ್ಥೆ ಅವರನ್ನು ಏನೆಂದು ಕರೆಯುತ್ತದೋ ಅದು ಸಂಸ್ಥೆಗೆ ಬಿಟ್ಟದ್ದು. ನಿರ್ದೇಶಕರು ‘ಹಟ್ಟಿ ಮಿತ್ರ’ ಎಂಬ ಹೆಸರನ್ನು ಅವಳಿಗೆ ಕೊಡುವುದಿಲ್ಲವೆಂದರು. ಬಾಯಿ ನಕ್ಕಳು. ನಿರ್ದೇಶಕರು ನನ್ನ ವರದಿಯಿಂದ ಮಾಸ್ತರನ ಗೂಡಿನ ಬಾಟಲಿಗಳ ಮಾತನ್ನು ತೆಗೆಯಲು ಹೇಳಿದರು. ನಾನು ತೆಗೆಯಲಿಲ್ಲ. ಆಮೇಲೆ ಅಚ್ಚಾಗಿ ಬಂದ ವರದಿಯಲ್ಲಿ ಅದು ಇರಲಿಲ್ಲ. ಕರಿ ಕುರಿಗಳ ಸಾಲಿನ ಚಿತ್ರ ಮಾತ್ರ ಮುಖಪುಟದಲ್ಲಿತ್ತು.

ರೋಗ ಬಿದ್ದಿದ್ದ ಒಳ ಊರುಗಳ ಲಸಿಕೆ ಬಾಕಿ ಇತ್ತು. ಅವನ್ನೆಲ್ಲ ಬಾಯಿ ಒಪ್ಪಿಕೊಂಡಳು. ತನ್ನ ಜೊತೆಗೆ ಯಾರು ಯಾರು ಬೇಕೆಂದು ಆಸ್ಪತ್ರೆಯ ಅಂಗಳದಲ್ಲೇ ಹೇಳತೊಡಗಿದಳು. ಡಬ್ಬಿಗೆ ಕರಣಕೋಟದವನು. ಕುರಿ ಹಿಡಿಯಲು ಇಂಥವರು. ಕೊನೆಗೆ, ‘ಊರಾಗ ಕೂಗಿ ಹೇಳಾಕ ಮಾಸ್ತರ’ ಎಂದಳು.

ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದೆ. ‘ಅವನಾ? ಅವನಿಂದಾಗಿ ಎಷ್ಟು ಹಟ್ಟಿ ಹಾಳಾದವು ಗೊತ್ತಿಲ್ಲವಾ? ಅವನ ಮುಖ ನೋಡಿದರೆ ನನಗೆ ಅಸಹ್ಯ.’

‘ನನಗೂ ಅಸಹ್ಯಾನೇ ರೀ’ ಎಂದಳು. ‘ಆದ್ರ ಅವನ ದನಿ ಮೂರು ಓಣಿ ದಾಟಿ ಹೋಗತದ. ಅವ ಕರದ್ರ ಮಂದಿ ಬರತಾರ, ನೀವೇ ನೋಡೀರಿ. ಕರೀಲಿ. ಡಬ್ಬಿ ಮುಟ್ಟಬ್ಯಾಡ, ಭಾಷಣ ಬ್ಯಾಡ, ಅಷ್ಟೇ. ಅವ ನಿಮಗ ಸೇರಂಗಿಲ್ಲ ಅನ್ನೋದು ನಿಮ್ಮ ತಕರಾರು, ಕೆಲಸದ್ದಲ್ಲ.’

ನನಗೆ ಅವಳ ಮೇಲೆ ಸಿಟ್ಟು ಬಂತು. ಆದರೂ ಅವನ ಹೆಸರು ಬರೆದುಕೊಂಡೆ.

ಮುಂದಿನ ಬೆಳಗು ನಾರಾಯಣಖೇಡದ ಅದೇ ಹಳ್ಳಿಗೆ ಹೋದೆವು. ಹೂಳಿದ ಜಾಗದ ಸುಣ್ಣ ಮಳೆಗೆ ಕರಗಿ ಬಿಳಿ ಕೆಸರಾಗಿ ಹರಿದಿತ್ತು. ಬಾಯಿ ಮಾಸ್ತರನನ್ನು ಕರೆದು ಏನು ಕೂಗಬೇಕೆಂದು ಹೇಳಿಕೊಟ್ಟಳು. ‘ಯಾವ ಕುರಿ ಇದ್ರೂ ಹೊಡ್ಕೊಂಡು ಬರ್ರಿ. ಇಷ್ಟೇ ಅನ್ನು. ಬ್ಯಾರೆ ಒಂದ್ ಮಾತ್ ಆಡಿದಿ ಅಂದ್ರ ನೋಡು.’ ಅವನು ಗಂಟಲು ಸರಿಮಾಡಿಕೊಂಡು ಓಣಿಯಲ್ಲಿ ನಡೆದ. ಅವನಿಗೆ ನಾಚಿಕೆಯಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮುಖದಲ್ಲಿ ಕಾಣಲಿಲ್ಲ.

‘ಯಾವ ಕುರಿ ಇದ್ರೂ ಹೊಡ್ಕೊಂಡು ಬರ್ರೋ!’

ಆ ದನಿ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಬಾಗಿಲುಗಳು ತೆರೆದುಕೊಂಡವು. ಮಾಸ್ತರ ವಾಪಸ್ ಕಳಿಸಿದ್ದ ಆ ಹಿರಿಯ ಕುರಿಗಾರ, ಉಳಿದ ಕೆಲವೇ ಕುರಿಗಳನ್ನು ಹೊಡೆದುಕೊಂಡು ಮೊದಲು ಬಂದ. ಮಾಸ್ತರನ ಮುಂದೆ ಹಾಯುವಾಗ ಅವನ ಕಾಲ ಬುಡಕ್ಕೆ ಉಗಿದು ಮುಂದೆ ನಡೆದ. ಮಾಸ್ತರ ಒಂದು ಹೆಜ್ಜೆ ಸರಿದು ನಿಂತು ಮತ್ತೆ ಕೂಗಿದ.

‘ನಿಂತು ನೋಡಬ್ಯಾಡ್ರಿ ಅಕ್ಕೋರೆ, ಕುರಿ ಹಿಡೀರಿ’ ಎಂದಳು ಬಾಯಿ. ನಾನು ಸೆರಗು ಸಿಕ್ಕಿಸಿ ಬೇಲಿಯೊಳಗೆ ಇಳಿದು ಒಂದರ ಕತ್ತನ್ನು ತಬ್ಬಿ ಹಿಡಿದೆ.